ಜೂನ್ ತಿಂಗಳ ಕಾಫಿ ತೋಟದಲ್ಲಿ ಸಸ್ಯಕುಟುಂಬಗಳನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ — ಜೀವಶಾಸ್ತ್ರ ಉಪನ್ಯಾಸಕಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಬೋಧಿಸುತ್ತಿದ್ದೇನೆ. ಜೂನ್ ಕೊನೆಯಲ್ಲಿ ಮಳೆ ಹೊಳವಾದ ದಿನ ನೋಡಿಕೊಂಡು ಪ್ರಥಮ ಪಿಯುಸಿ ಮಕ್ಕಳನ್ನು ಪರಿಚಿತರ ಕಾಫಿ ತೋಟಕ್ಕೆ ಕರೆದೊಯ್ದು, ಹೂಬಿಡುವ ಸಸ್ಯಗಳ ಕೆಲವು ಕುಟುಂಬಗಳನ್ನು ಗಿಡದ ಎದುರಿಗೇ ನಿಂತು ಪರಿಚಯಿಸಬೇಕೆಂದಿದ್ದೇನೆ. ಪಠ್ಯದಲ್ಲಿ ಸೊಲನೇಸೀ ಕುಟುಂಬದ ವಿವರಣೆಯಿದೆ. ಅದನ್ನು ಬದನೆ ಗಿಡವೊಂದರಿಂದಲೇ ಮುಗಿಸಬಹುದು. ತೋಟದ ಗಿಡಗಳ ವಿಷಯದಲ್ಲಿ ನನಗೆ ಮೂರು ಸಂದೇಹಗಳಿವೆ.

ಮೊದಲನೆಯದು, ಕಾಫಿ ಹೂವು ಮಾರ್ಚ್–ಏಪ್ರಿಲ್‌ನಲ್ಲಿಯೇ ಉದುರಿ ಹೋಗಿರುತ್ತದೆ. ಹೂವಿಲ್ಲದ ಗಿಡದಲ್ಲಿ ರೂಬಿಯೇಸೀ ಕುಟುಂಬದ ಲಕ್ಷಣಗಳನ್ನು ತೋರಿಸಲು ಸಾಧ್ಯವೇ? ಎರಡನೆಯದು, ಆ ತೋಟದಲ್ಲಿ ಏಲಕ್ಕಿಯೂ ಇದೆ, ಮರಗಳ ಮೇಲೆ ಸೀತಾಳೆ ದಂಡೆಯೂ ಇದೆ. ಎರಡರ ಹೂವಿನಲ್ಲಿಯೂ ಕೆಳಗಡೆ ತುಟಿಯಂಥ ಭಾಗವೊಂದು ಎದ್ದು ಕಾಣುತ್ತದೆ. ಇವೆರಡೂ ಒಂದೇ ಅಂಗವೇ ಎಂದು ಯಾವ ವಿದ್ಯಾರ್ಥಿಯಾದರೂ ಕೇಳಿಯೇ ಕೇಳುತ್ತಾನೆ. ಮೂರನೆಯದು, ನಾವು ಕಲಿತದ್ದು ಹೂವಿನ ಲಕ್ಷಣಗಳನ್ನು ಆಧರಿಸಿದ ಬೆಂಥಮ್ ಮತ್ತು ಹೂಕರ್ ವರ್ಗೀಕರಣ ಪದ್ಧತಿ, ಈಗಿನ ಪುಸ್ತಕಗಳಲ್ಲಿರುವುದು ಮುಖ್ಯವಾಗಿ ಡಿಎನ್ಎ ಆಧರಿಸಿದ ಎಪಿಜಿ (ಆಂಜಿಯೋಸ್ಪರ್ಮ್ ಫೈಲಾಜೆನಿ ಗ್ರೂಪ್) ಪದ್ಧತಿ. ಹದಿನಾರು ವರ್ಷದ ಮಕ್ಕಳಿಗೆ ಯಾವುದನ್ನು ಹೇಳುವುದು ಸೂಕ್ತ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ — ಕಾಫಿ ಬೆಳೆಗಾರ, ಮೂಡಿಗೆರೆ

ಮೇಡಂ, ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದು ತೋಟಕ್ಕೆ ಮರಳಿದವನಾದ್ದರಿಂದ ಈ ಗಿಡವನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಹೂವಿಲ್ಲದಿದ್ದರೂ ಕಾಫಿ ಗಿಡ ತನ್ನ ಕುಟುಂಬವನ್ನು ಮುಚ್ಚಿಡುವುದಿಲ್ಲ. ಎಳೆಯ ರೆಕ್ಕೆಯೊಂದನ್ನು, ಅಂದರೆ ಪಕ್ಕದ ಕೊಂಬೆಯೊಂದನ್ನು, ಹಿಡಿದು ನೋಡಿದರೆ, ಎದುರುಬದುರಾಗಿ ಹುಟ್ಟಿದ ಎರಡು ಎಲೆಗಳ ತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿಕೊಂಡಂತೆ, ಚಿಕ್ಕದೊಂದು ತ್ರಿಕೋನಾಕಾರದ ಪರೆ ಕಾಣುತ್ತದೆ. ಇದು ಕಾವಿನೆಲೆ. ಎಲೆಗಳು ಅಭಿಮುಖವಾಗಿದ್ದು, ಕಾವಿನೆಲೆಯು ತೊಟ್ಟಿನ ಪಕ್ಕದಲ್ಲಿರದೆ ಎರಡು ತೊಟ್ಟುಗಳ ನಡುವೆ ಇದ್ದರೆ, ಅಂಚು ಗರಗಸದಂತಿರದ ಸರಳ ಎಲೆಯ ಆ ಗಿಡ ನಮ್ಮ ಕಡೆ ಬಹುಮಟ್ಟಿಗೆ ರೂಬಿಯೇಸೀ ಕುಟುಂಬದ್ದೇ ಆಗಿರುತ್ತದೆ.

ಇನ್ನು ಕಾಯಿಯನ್ನು ನೋಡಬೇಕು. ಜೂನ್ ಹೊತ್ತಿಗೆ ಗೆಣ್ಣುಗಳಲ್ಲಿ ಹಸಿರು ಎಳೆಗಾಯಿಗಳು ಕಟ್ಟಿರುತ್ತವೆ. ಒಂದು ಕಾಯಿಯನ್ನು ಕಿತ್ತು, ತೊಟ್ಟಿನ ತುದಿಯನ್ನಲ್ಲ, ಅದರ ಎದುರಿನ ತುದಿಯನ್ನು ಮಸೂರದಲ್ಲಿ ನೋಡಲು ಮಕ್ಕಳಿಗೆ ಹೇಳಿ. ಅಲ್ಲಿ ಹೊಕ್ಕುಳಿನಂತೆ ಒಂದು ದುಂಡನೆಯ ಗುರುತಿರುತ್ತದೆ. ಬಿಳಿಯ ದಳನಳಿಕೆ ಕುಳಿತಿದ್ದ ಜಾಗ ಅದು. ಅಂದರೆ ಹೂವಿನ ಉಳಿದೆಲ್ಲ ಭಾಗಗಳೂ ಅಂಡಾಶಯದ ತಲೆಯ ಮೇಲಿದ್ದವು, ಅಂಡಾಶಯ ನೀಚಸ್ಥಾನದ್ದು ಎಂದಾಯಿತು. ಜೊತೆಗೆ ಒಂದು ಬದನೆಕಾಯಿಯನ್ನೂ ಒಂದು ಸೀಬೆಕಾಯಿಯನ್ನೂ ಒಯ್ಯಿರಿ. ಬದನೆಯ ಪುಷ್ಪಪಾತ್ರೆ, ಅಂದರೆ ಹೂವಿನ ಹೊರಗಿನ ಹಸಿರು ಬಟ್ಟಲು, ತೊಟ್ಟಿನ ಬಳಿಯೇ ಉಳಿದಿರುತ್ತದೆ, ಆದ್ದರಿಂದ ಅದರ ಅಂಡಾಶಯ ಉಚ್ಚಸ್ಥಾನದ್ದು; ಸೀಬೆಯಲ್ಲಿ ಅದು ತೊಟ್ಟಿನ ವಿರುದ್ಧ ತುದಿಯಲ್ಲಿರುತ್ತದೆ. ಈ ಒಂದು ವ್ಯತ್ಯಾಸ ಕೈಗೆ ಸಿಕ್ಕರೆ ಅರ್ಧ ಪಾಠ ಮುಗಿದಂತೆ.

ಕಾಯಿಯನ್ನು ಅಡ್ಡ ಕುಯ್ದರೆ ಎರಡು ಕೋಣೆಗಳೂ ಕೋಣೆಗೊಂದರಂತೆ ಬೀಜವೂ ಕಾಣುತ್ತವೆ. ಒಂದೇ ಬೀಜ ಬೆಳೆದು ದುಂಡಗಾದ ಕಾಳಿಗೇ ನಾವು ಪೀಬೆರಿ ಎನ್ನುವುದು. ಹೂವನ್ನೇ ತೋರಿಸಬೇಕೆಂದಿದ್ದರೆ ಬೇಲಿಯಲ್ಲಿರುವ ಕೇಪಳ ಅಥವಾ ಮುಸ್ಸಂಡ ಸಾಕು, ಎರಡೂ ಕಾಫಿಯ ಕುಟುಂಬದವೇ. ಮುಸ್ಸಂಡದಲ್ಲಿ ಬಿಳಿಯ ಎಲೆಯಂತೆ ಕಾಣುವುದು ದಳವೂ ಅಲ್ಲ, ಎಲೆಯೂ ಅಲ್ಲ. ಪುಷ್ಪಪಾತ್ರೆಯ ಐದು ಹಾಲೆಗಳಲ್ಲಿ ಒಂದು ಮಾತ್ರ ಹಿಗ್ಗಿ ಹಾಗಾಗಿದೆ. ನಿಜವಾದ ಹೂವು ಅದರ ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಸಣ್ಣ ನಕ್ಷತ್ರ.

ಉತ್ತರ — ನಿವೃತ್ತ ಪ್ರಾಧ್ಯಾಪಕ, ಹಾಸನ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ತುಟಿಯ ಪ್ರಶ್ನೆ ಬಹಳ ಒಳ್ಳೆಯದು. ಎರಡೂ ಬೇರೆ ಬೇರೆ ಅಂಗಗಳು.

ಏಲಕ್ಕಿಯ ಹೂಗೊಂಚಲು ಗಿಡದ ಬುಡದಿಂದ ಹೊರಟು ನೆಲದ ಮೇಲೆ ಹರಿದಿರುತ್ತದೆ. ಅದರಿಂದ ಒಂದು ಹೂವನ್ನು ತೆಗೆದುಕೊಂಡು ಸೂಜಿಯಿಂದ ನಿಧಾನವಾಗಿ ಬಿಡಿಸಿ. ಹೊರಗೆ ಕೊಳವೆಯಂಥ ಪುಷ್ಪಪಾತ್ರೆ, ಒಳಗೆ ತಿಳಿಹಸಿರು ಬಣ್ಣದ ಮೂರು ಕಿರಿದಾದ ದಳಹಾಲೆಗಳು. ದಳಗಳ ಲೆಕ್ಕ ಇಲ್ಲಿಗೇ ಮುಗಿಯಿತು. ಹಾಗಾದರೆ ನೇರಳೆ ಗೆರೆಗಳಿರುವ ಆ ಅಗಲವಾದ ಬಿಳಿಯ ತುಟಿ ಯಾವುದು? ಅದು ಎರಡು ಬರಡು ಕೇಸರಗಳು (ಪರಾಗ ಹೊರಬೇಕಾದ ಗಂಡು ಅಂಗಗಳು) ಕೂಡಿ ದಳದ ರೂಪ ತಾಳಿದ್ದು. ಮೂರು ಮೂರರಂತೆ ಎರಡು ಸುತ್ತಿನಲ್ಲಿ ಆರು ಕೇಸರಗಳಿರಬೇಕಾದ ಕಡೆ ಒಂದೇ ಒಂದು ಫಲವಂತ ಕೇಸರ ಉಳಿದಿದೆ. ಅದರ ಪರಾಗಕೋಶದ ಎರಡು ಭಾಗಗಳ ನಡುವಿನ ಸಂದಿಯಲ್ಲಿ, ಆ ಸಂದಿಯನ್ನೇ ಆಸರೆಯಾಗಿಸಿಕೊಂಡು, ಅಂಡಾಶಯದಿಂದ ಹೊರಟ ನೂಲಿನಂಥ ಶಲಾಕೆ ಮೇಲಕ್ಕೇರುತ್ತದೆ. ಶುಂಠಿ, ಅರಿಶಿನ, ಏಲಕ್ಕಿಗಳ ಜಿಂಜಿಬರೇಸೀ ಕುಟುಂಬವನ್ನು ಗುರುತಿಸಲು ಇದಕ್ಕಿಂತ ಖಚಿತವಾದ ಲಕ್ಷಣ ಬೇರೆ ಬೇಕಿಲ್ಲ.

ಸೀತಾಳೆ ದಂಡೆ ಆರ್ಕಿಡೇಸೀ ಕುಟುಂಬದ್ದು. ಅಲ್ಲಿ ತುಟಿ ನಿಜವಾದ ದಳವೇ: ಮೂರು ದಳಗಳಲ್ಲಿ ಒಂದು ಮಾತ್ರ ಬೇರೆ ರೂಪ ಪಡೆದಿದೆ. ಆ ದಳ ಮೊಗ್ಗಿನಲ್ಲಿ ಮೇಲಿರುತ್ತದೆ. ಹೂವು ಅರಳುವ ಹೊತ್ತಿಗೆ ಅಂಡಾಶಯವು ತೊಟ್ಟಿನೊಡನೆ ಅರ್ಧ ಸುತ್ತು ತಿರುಚಿಕೊಳ್ಳುವುದರಿಂದ ಕೆಳಕ್ಕೆ ಬರುತ್ತದೆ. ಕೇಸರವೂ ಶಲಾಕೆಯೂ ಬೆಸೆದು ಒಂದೇ ಸ್ತಂಭವಾಗಿರುತ್ತವೆ. ಬೆಂಕಿಕಡ್ಡಿಯ ತುದಿಯನ್ನು ಆ ಸ್ತಂಭದ ಕೆಳಗೆ ತೂರಿಸಿ ಮೇಲಕ್ಕೆತ್ತಿದರೆ ಪರಾಗವು ಪುಡಿಯಾಗಿ ಉದುರದೆ ಹಳದಿ ಮುದ್ದೆಯಾಗಿ ಕಡ್ಡಿಗೆ ಅಂಟಿಕೊಂಡು ಬರುತ್ತದೆ. ಮಕ್ಕಳು ಇದನ್ನು ಮರೆಯುವುದಿಲ್ಲ. ಆದರೆ ದಂಡೆಯನ್ನು ಮರದಿಂದ ಕೀಳಿಸಬೇಡಿ, ಒಂದೆರಡು ಹೂವು ಸಾಕು.

ಪದ್ಧತಿಯ ಕುರಿತು ನನ್ನ ಅಭಿಪ್ರಾಯ ಹಳೆಯದೆನಿಸಬಹುದು. ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ವರ್ಗೀಕರಣದಲ್ಲಿ ದಳಗಳು ಬಿಡಿಯೋ ಕೂಡಿವೆಯೋ, ಅಂಡಾಶಯ ಮೇಲೋ ಕೆಳಗೋ ಎಂದು ಕಣ್ಣಿಗೆ ಕಾಣುವುದನ್ನೇ ಕೇಳುತ್ತಾ ಹೋಗಬಹುದು. ತೋಟದಲ್ಲಿ ನಿಂತವನ ಕೈಯಲ್ಲಿರುವುದು ಮಸೂರ, ಡಿಎನ್ಎ ಯಂತ್ರವಲ್ಲ. ಜಿಲ್ಲೆಯ ಗಿಡಗಳ ಮಟ್ಟಿಗೆ, ಸಲ್ಡಾನಾ ಮತ್ತು ನಿಕೋಲ್ಸನ್ ಸಂಪಾದಿಸಿ 1976ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯಗಳ ಇಂಗ್ಲಿಷ್ ಗ್ರಂಥ ನಿಮ್ಮ ಗ್ರಂಥಾಲಯದಲ್ಲಿದ್ದರೆ ಮೊದಲು ಅದನ್ನು ತೆರೆಯಿರಿ.

ಉತ್ತರ — ಸಂಶೋಧನಾ ವಿದ್ಯಾರ್ಥಿ, ಚಿಕ್ಕಮಗಳೂರು

ಗುರುಗಳ ಮಾತನ್ನು ಗೌರವದಿಂದಲೇ ಸ್ವಲ್ಪ ಬೇರೆಯಾಗಿ ಹೇಳಲು ಅನುಮತಿ ಬೇಡುತ್ತೇನೆ. ಗಿಡವೊಂದು ಯಾವ ಕುಟುಂಬದ್ದೆಂದು ಗುರುತಿಸಲು ಹೂವಿನ ಲಕ್ಷಣಗಳು ಇಂದಿಗೂ ಸಾಕು. ಆದರೆ ಒಂದು ಕುಟುಂಬ ಇನ್ನೊಂದಕ್ಕೆ ಎಷ್ಟು ಹತ್ತಿರದ ನೆಂಟ ಎಂದು ಹೇಳಲು ಅವೇ ಲಕ್ಷಣಗಳನ್ನು ನಂಬಿದರೆ ದಾರಿ ತಪ್ಪುತ್ತದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಇಟ್ಟರೆ ಮಕ್ಕಳಿಗೆ ಗೊಂದಲವಾಗುವುದಿಲ್ಲ.

ಅದೇ ತೋಟದಿಂದಲೇ ಉದಾಹರಣೆ ಕೊಡಬಹುದು. ಜೂನ್ ಮಳೆಗೆ ಕಾಳುಮೆಣಸಿನ ಬಳ್ಳಿ ತೆನೆ ಬಿಡುತ್ತಿರುತ್ತದೆ. ಅದರ ಹೂವಿಗೆ ಪುಷ್ಪಪಾತ್ರೆಯೂ ಇಲ್ಲ, ದಳವೂ ಇಲ್ಲ. ಇರುವುದು ಎರಡು ಕೇಸರ, ಒಂದೇ ಕೋಣೆಯ ಅಂಡಾಶಯ, ಅದರಲ್ಲಿ ಒಂದೇ ಅಂಡಕ. ಸಂಪಿಗೆಯಲ್ಲಿಯಾದರೋ ಎಸಳುಗಳು ಹಲವು, ಕೇಸರಗಳು ಅಸಂಖ್ಯ, ಉದ್ದನೆಯ ದಿಂಡಿನ ಮೇಲೆ ಸುರುಳಿಯಾಗಿ ಜೋಡಿಸಿಕೊಂಡ ಹಲವು ಬಿಡಿ ಅಂಡಾಶಯಗಳು. ಬೆಂಥಮ್ ಮತ್ತು ಹೂಕರ್ ಸಂಪಿಗೆಯನ್ನು ದ್ವಿದಳ ಸಸ್ಯಗಳ ಪಟ್ಟಿಯ ಆರಂಭದಲ್ಲಿಯೂ ಮೆಣಸನ್ನು ಅದರ ಕೊನೆಯ ವಿಭಾಗದಲ್ಲಿಯೂ ಇಟ್ಟರು. ಎಪಿಜಿ ಪದ್ಧತಿಯಲ್ಲಿ ಇವೆರಡೂ ಮ್ಯಾಗ್ನೋಲಿಡ್ ಎಂಬ ಒಂದೇ ಗುಂಪಿನಲ್ಲಿವೆ. ನೆರಳಿಗೆಂದು ಹಾಕಿದ ಸಿಲ್ವರ್ ಓಕ್ ಕತೆ ಇನ್ನೂ ವಿಚಿತ್ರ. ಆಸ್ಟ್ರೇಲಿಯಾ ಮೂಲದ ಆ ಮರಕ್ಕೆ ಓಕ್ ಮರದ ಸಂಬಂಧವೇನೂ ಇಲ್ಲ, ಅದು ಪ್ರೋಟಿಯೇಸೀ ಕುಟುಂಬದ್ದು. ಕೆರೆಯ ತಾವರೆಯನ್ನು ಹಿಂದೆ ನೈದಿಲೆಯ ಜೊತೆ ಒಂದೇ ಕುಟುಂಬದಲ್ಲಿ ಸೇರಿಸುತ್ತಿದ್ದರು. ಈಗ ತಾವರೆ ಅಲ್ಲಿಂದ ಹೊರಬಂದು ಸಿಲ್ವರ್ ಓಕ್ ಇರುವ ಪ್ರೋಟಿಯೇಲ್ಸ್ ಗಣದಲ್ಲಿದೆ (ಗಣವೆಂದರೆ ಹತ್ತಿರದ ಕುಟುಂಬಗಳ ಗುಂಪು). ಹೂವನ್ನು ನೋಡಿ ಯಾರೂ ಇದನ್ನು ಊಹಿಸುತ್ತಿರಲಿಲ್ಲ.

ಕಾಫಿಯೂ ಹಾಗೆಯೇ. ನೀಚಸ್ಥಾನದ ಅಂಡಾಶಯವಿದೆಯೆಂದು ಅದನ್ನು ಸೂರ್ಯಕಾಂತಿಯ ಕುಟುಂಬದ ಸಾಲಿನಲ್ಲಿ ಇಟ್ಟಿದ್ದರು. ಈಗ ಅದರ ಗಣ ಜೆನ್ಷಿಯನೇಲ್ಸ್. ಅಲ್ಲಿ ಅದರ ನೆಂಟರು ಎಕ್ಕ, ಕಣಗಿಲೆಗಳು, ಅವುಗಳ ಅಂಡಾಶಯ ಉಚ್ಚಸ್ಥಾನದ್ದು. ಕುಟುಂಬಗಳ ಮಟ್ಟದಲ್ಲಿ ಆದ ಬದಲಾವಣೆಗಳನ್ನು ಮಕ್ಕಳಿಗೆ ಒಂದೆರಡು ಮಾತಿನಲ್ಲಿ ಹೇಳಿದರೆ ಸಾಕು: ಬೂರುಗ ಈಗ ದಾಸವಾಳದ ಮಾಲ್ವೇಸೀಯಲ್ಲಿದೆ, ತೇಗ ತುಳಸಿಯ ಕುಟುಂಬಕ್ಕೆ ಬಂದಿದೆ, ಗೌರಿಹೂವು ಲಿಲಿಯೇಸೀಯಿಂದ ಕಾಲ್ಚಿಕೇಸೀಗೆ ಹೋಗಿದೆ. ಎಪಿಜಿ ಪದ್ಧತಿಯ 2016ರ ನಾಲ್ಕನೆಯ ಆವೃತ್ತಿಯ ಪ್ರಕಾರ ಒಟ್ಟು ಕುಟುಂಬಗಳು 416, ಗಣಗಳು 64.

ಮರುಪ್ರಶ್ನೆ — ಜೀವಶಾಸ್ತ್ರ ಉಪನ್ಯಾಸಕಿ, ಸಕಲೇಶಪುರ

ಮೂವರಿಗೂ ಧನ್ಯವಾದಗಳು. ಏಲಕ್ಕಿಯ ತುಟಿಯ ವಿವರಣೆ ನನಗೇ ಹೊಸದು. ಗುರುತಿಸಲು ಹಳೆಯ ಲಕ್ಷಣಗಳನ್ನೂ, ನೆಂಟಸ್ತನ ಹೇಳುವಾಗ ಮೆಣಸು ಮತ್ತು ಸಂಪಿಗೆಯ ಉದಾಹರಣೆಯನ್ನೂ ಬಳಸುತ್ತೇನೆ. ಇನ್ನೊಂದು ಮಾತು: ಮುಳ್ಳಯ್ಯನಗಿರಿಯ ಕುರಿಂಜಿಯ ಬಗ್ಗೆ ಮಕ್ಕಳಿಗೆ ಬಹಳ ಕುತೂಹಲವಿದೆ. ಅದರ ಕುಟುಂಬವನ್ನು ತೋರಿಸಲು ಕೈಗೆಟಕುವ ಗಿಡ ಯಾವುದು?

ಉತ್ತರ — ಸಂಶೋಧನಾ ವಿದ್ಯಾರ್ಥಿ, ಚಿಕ್ಕಮಗಳೂರು

ಮನೆಯ ಕನಕಾಂಬರವೇ ಸಾಕು, ಮೇಡಂ. ಅದೂ ಕುರಿಂಜಿಯಂತೆ ಅಕ್ಯಾಂತೇಸೀ ಕುಟುಂಬದ್ದು. ಎಲೆಗಳು ಕಾಫಿಯಂತೆಯೇ ಅಭಿಮುಖ, ದಳಗಳು ಕೂಡಿಕೊಂಡಿವೆ, ಆದರೆ ಕಾವಿನೆಲೆ ಇಲ್ಲ, ಅಂಡಾಶಯ ಉಚ್ಚಸ್ಥಾನದ್ದು. ಕಾಫಿಯ ಪಕ್ಕದಲ್ಲಿಟ್ಟು ಹೋಲಿಸಲು ಇದಕ್ಕಿಂತ ಅನುಕೂಲವಾದ ಗಿಡವಿಲ್ಲ. ಒಣಗಿದ ತೆನೆಯಿಂದ ನಾಲ್ಕಾರು ಬಲಿತ ಕಾಯಿಗಳನ್ನು ಬಿಡಿಸಿ ಒಂದು ತಟ್ಟೆ ನೀರಿಗೆ ಹಾಕಿಸಿ. ಸ್ವಲ್ಪ ಹೊತ್ತಿನಲ್ಲಿ ಅವು ಪಟಪಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎಸೆಯುತ್ತವೆ, ಆದ್ದರಿಂದ ಮಕ್ಕಳು ಮುಖ ಹತ್ತಿರ ತರದಂತೆ ನೋಡಿಕೊಳ್ಳಿ. ಸಿಡಿದ ಕಾಯಿಯ ಸಿಪ್ಪೆಯೊಳಗೆ ಮಸೂರ ಹಿಡಿದರೆ ಬೀಜವನ್ನು ಹೊತ್ತಿದ್ದ ಕೊಕ್ಕೆಯಂಥ ಗಟ್ಟಿ ಎಳೆಗಳು ಕಾಣುತ್ತವೆ. ಈ ಕುಟುಂಬದ ಹೆಚ್ಚಿನ ಗಿಡಗಳಲ್ಲಿ, ಕುರಿಂಜಿಯಲ್ಲಿ ಸಹ, ಆ ಕೊಕ್ಕೆಗಳಿರುತ್ತವೆ.