ಲಂಡನ್‌ನ ಗಿಲ್ಡ್‌ಹಾಲ್‌ಗೆ ಅರ್ಜಿ: ವಯಲಿನ್ ರೆಕಾರ್ಡಿಂಗ್ ಮತ್ತು ನಟನೆಯ ಸೆಲ್ಫ್ ಟೇಪ್ ಬಗ್ಗೆ

ಜಯನಗರ_ಕೇಳುಗ:
ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್ ಅಂಡ್ ಡ್ರಾಮಾಗೆ ನಮ್ಮ ಮನೆಯಿಂದ ಇಬ್ಬರು ಅರ್ಜಿ ಹಾಕುವವರಿದ್ದಾರೆ. ಒಬ್ಬಳು ವೆಸ್ಟರ್ನ್ ವಯಲಿನ್‌ಗೆ. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳಲ್ಲಿ ಕೊನೆಯದಾದ ಎಂಟನೇ ಗ್ರೇಡ್ ಮುಗಿದಿದೆ, ಮೊದಲು ಕಲಿತಿದ್ದು ಕರ್ನಾಟಕ ಸಂಗೀತದ ಪಿಟೀಲು. ಇನ್ನೊಬ್ಬ ನಟನೆಗೆ, ಕನ್ನಡ ನಾಟಕಗಳಲ್ಲಿ ಪಳಗಿದವನು, ಇಂಗ್ಲಿಷ್‌ನಲ್ಲಿ ಅಭಿನಯಿಸಿದ್ದು ಕಡಿಮೆ. ಮೂರು ಪ್ರಶ್ನೆ: ಎಂಟನೇ ಗ್ರೇಡ್ ಸಾಕೇ? ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಮಾಡಿದ ರೆಕಾರ್ಡಿಂಗ್ ನಡೆಯುತ್ತದೆಯೇ, ಸ್ಟುಡಿಯೋ ಬೇಕೇ? ನಟನೆಗೆ ಬ್ರಿಟಿಷ್ ಉಚ್ಚಾರಣೆ ಕಲಿಯಲೇಬೇಕೇ?

ಸಿಲ್ಕ್‌ಸ್ಟ್ರೀಟ್_ಕನ್ನಡಿಗ:
ಅರ್ಜಿಯ ದಾರಿಯಿಂದ ಶುರು ಮಾಡಿ, ಹೆಚ್ಚಿನವರು ಎಡವುವುದು ಅಲ್ಲೇ. ರಾಯಲ್ ಕಾಲೇಜ್, ರಾಯಲ್ ಅಕಾಡೆಮಿ ಮುಂತಾದ ಸಂಗೀತ ಶಾಲೆಗಳಿಗೆ ಯುಕಾಸ್ ಕನ್ಸರ್ವಟೊಯರ್ಸ್ ಎಂಬ ಜಂಟಿ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ. ಗಿಲ್ಡ್‌ಹಾಲ್ ಅದರಲ್ಲಿ ಇಲ್ಲ. ನೇರ ಅದರ ವೆಬ್‌ಸೈಟ್‌ನಲ್ಲೇ ಹಾಕಬೇಕು. ಹಾಗಾಗಿ ಎರಡೂ ಕಡೆ ಹಾಕಬಹುದು, ಯುಕಾಸ್‌ನ ಆಯ್ಕೆಗಳಲ್ಲಿ ಒಂದು ಕಡಿಮೆಯಾಗುವುದಿಲ್ಲ. ಸಂಗೀತದ ಗಡುವು ಕೋರ್ಸ್ ಶುರುವಾಗುವ ಹಿಂದಿನ ವರ್ಷದ ಅಕ್ಟೋಬರ್ ಆರಂಭದಲ್ಲೇ ಬರುತ್ತದೆ. ಪಿಯುಸಿ ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಹೋಯಿತು. ನಟನೆಯ ದಿನಾಂಕ ಬೇರೆ, ಅದನ್ನು ಬೇರೆಯಾಗಿಯೇ ನೋಡಿಕೊಳ್ಳಿ. ಸಂಗೀತದ ಪದವಿ ನಾಲ್ಕು ವರ್ಷ, ನಟನೆಯದು ಮೂರು.

ಎಂಟನೇ ಗ್ರೇಡ್ ಪ್ರಮಾಣಪತ್ರವನ್ನೇ ನೆಚ್ಚಿಕೊಳ್ಳಬೇಡಿ. ಸೀಟು ಸಿಗುವುದು ಆಡಿಷನ್‌ನಲ್ಲಿ ನುಡಿಸಿದ್ದರ ಮೇಲೆ. ಅಲ್ಲಿಗೆ ಬರುವ ವಯಲಿನ್‌ನವರಲ್ಲಿ ಬಹುಪಾಲು ಎಂಟನೇ ಗ್ರೇಡನ್ನು ಎಂದೋ ದಾಟಿದವರು. ಮೊಜಾರ್ಟ್ ಕನ್ಚೆರ್ಟೊದ (ಒಂಟಿ ವಾದ್ಯಕ್ಕೂ ವಾದ್ಯವೃಂದಕ್ಕೂ ಬರೆದ ಕೃತಿ) ಮೊದಲ ಭಾಗ, ಬಾಖ್‌ನ ಒಂಟಿ ವಯಲಿನ್ ಕೃತಿಯ ಒಂದು ಭಾಗ, ಒಂದು ಎಟ್ಯೂಡ್ (ತಂತ್ರದ ಅಭ್ಯಾಸಕ್ಕೆ ಬರೆದ ಕೃತಿ) ಇಷ್ಟನ್ನು ಸಲೀಸಾಗಿ ನುಡಿಸುವವರು. ಇನ್ನೊಂದು ಗೊಂದಲ: ಇಲ್ಲಿ ಗ್ರೇಡ್ ಪರೀಕ್ಷೆ ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್ ಬರೀ ಪರೀಕ್ಷಾ ಮಂಡಳಿ. ಗ್ರೀನಿಚ್‌ನಲ್ಲಿ ಸಂಗೀತ ಕಲಿಸುವ ಟ್ರಿನಿಟಿ ಲಾಬನ್ ಬೇರೆ ಸಂಸ್ಥೆ.

ಗಿಲ್ಡ್‌ಹಾಲ್ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ 1880ರಲ್ಲಿ ಶುರು ಮಾಡಿದ ಶಾಲೆ. ಹೆಸರಿಗೆ ‘ಡ್ರಾಮಾ’ ಸೇರಿದ್ದು 1935ರಲ್ಲಿ, ಬಾರ್ಬಿಕನ್‌ಗೆ ಬಂದಿದ್ದು 1977ರಲ್ಲಿ. ಪಕ್ಕದ ಬಾರ್ಬಿಕನ್ ಸಭಾಂಗಣವೇ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ನೆಲೆ. ಅಂಥ ಜಾಗದಲ್ಲಿ ವಾದ್ಯವೃಂದದ ಕೆಲಸ ತಪ್ಪಿದ್ದಲ್ಲ, ಅದಕ್ಕೆ ಸೈಟ್ ರೀಡಿಂಗ್, ಅಂದರೆ ಮೊದಲ ಸಲ ನೋಡಿದ ಸ್ವರಲಿಪಿಯನ್ನು ಆಗಲೇ ನುಡಿಸುವುದು, ಬರಬೇಕು. ನಮ್ಮ ಕಡೆ ಗ್ರೇಡ್ ಪುಸ್ತಕದ ಮೂರು ಕೃತಿಗಳನ್ನು ವರ್ಷವಿಡೀ ತಿದ್ದುವ ಪದ್ಧತಿಯಿಂದ ಸೈಟ್ ರೀಡಿಂಗ್ ಸೊರಗಿರುತ್ತದೆ. ದಿನಕ್ಕೆ 15 ನಿಮಿಷ, ಎಂದೂ ನೋಡದ ಪುಟ, ನಿಲ್ಲಿಸದೆ. ತಪ್ಪು ಸ್ವರ ಬಂದರೂ ತಾಳ ಬಿಡಬಾರದು.

ಮೈಕ್_ಮತ್ತು_ಜಮಖಾನ:
ಸ್ಟುಡಿಯೋ ಬೇಡ. ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋಗಳು ಹತ್ತಿ ತುಂಬಿದ ಕೋಣೆಗಳು, ವಯಲಿನ್ ಅಲ್ಲಿ ಒಣಗಿದಂತೆ ಕೇಳುತ್ತದೆ. ಆಮೇಲೆ ಎಂಜಿನಿಯರ್ ರಿವರ್ಬ್ (ಕೃತಕ ಮಾರ್ದನಿ) ಹಾಕಿ ‘ಚೆಂದ’ ಮಾಡುತ್ತಾರೆ, ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಪಿಯಾನೋ ಇರುವ ಶಾಲೆಯ ಹಾಲ್ ಅಥವಾ ಚರ್ಚ್ ಹಾಲ್ ಅರ್ಧ ದಿನಕ್ಕೆ ಹಿಡಿಯಿರಿ. ಅಪಾರ್ಟ್‌ಮೆಂಟೇ ಗತಿ ಎಂದಾದರೆ ಒಂದು ಚಪ್ಪಾಳೆ ತಟ್ಟಿ ನೋಡಿ. ಟರ್ರ್ ಎಂದು ಲೋಹದಂಥ ಮಾರ್ದನಿ ಬಂದರೆ ಟೈಲ್ಸ್ ನೆಲ, ಬರಿಗೋಡೆಗಳ ಕಾಟ. ನೆಲಕ್ಕೆ ಜಮಖಾನ, ಎದುರುಬದುರು ಗೋಡೆಗಳಲ್ಲಿ ಒಂದಕ್ಕೆ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು, ಎರಡಕ್ಕೂ ಬೇಡ.

ಫೋನಿನ ಒಳಗಿನ ಮೈಕ್‌ನಲ್ಲಿ ತೊಂದರೆ ಏನೆಂದರೆ, ಅದು ದೊಡ್ಡ ಸದ್ದನ್ನು ತಾನೇ ಅದುಮಿ ಸಣ್ಣದನ್ನು ಎತ್ತುತ್ತದೆ. ಪಿಯಾನಿಸ್ಸಿಮೊ (ತೀರ ಮೆಲ್ಲಗೆ), ಫೋರ್ಟೆ (ಜೋರಾಗಿ) ಎರಡೂ ಒಂದೇ ಮಟ್ಟ. ಮಗು ಆರು ತಿಂಗಳು ಸಾಧಿಸಿದ ಏರಿಳಿತವೆಲ್ಲ ನೀರಿನಲ್ಲಿ ಹೋಮ. ಯುಎಸ್‌ಬಿ-ಸಿ ಸ್ಟೀರಿಯೊ ಮೈಕ್ ಕೊಂಡು, ಆ ತಾನೇತಾನಾಗಿ ಸದ್ದಿನ ಮಟ್ಟ ಸರಿಪಡಿಸುವ ಗೇನ್ ಆಫ್ ಮಾಡಿ. ವಯಲಿನ್‌ನಿಂದ ಎರಡರಿಂದ ಮೂರು ಮೀಟರ್ ದೂರ, ತಲೆಗಿಂತ ಸ್ವಲ್ಪ ಮೇಲೆ, ಮೈಕ್ ವಾದ್ಯದ ಮೇಲ್ಮೈ ಕಡೆ ಮುಖ ಮಾಡಿರಲಿ. ಕೃತಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಬರುವ ಜಾಗವನ್ನು ಮೊದಲು ನುಡಿಸಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ ನಿಲ್ಲುವಂತೆ ಕೂರಿಸಿ, ಆಮೇಲೆ ಮುಟ್ಟಬೇಡಿ. ಪಿಯಾನೋ ಸದ್ದು ವಯಲಿನ್‌ಗಿಂತ ಜೋರಾದರೆ ಮುಚ್ಚಳವನ್ನು ಸಣ್ಣ ಕೋಲಿನ ಮೇಲೆ ನಿಲ್ಲಿಸಿ. ಮೈಕನ್ನು ವಯಲಿನ್‌ಗೆ ಅಂಟಿಸಿದರೆ ಬರೀ ಬೋ (ಕಮಾನು) ಉಜ್ಜುವ ಸದ್ದು.

ಫ್ಯಾನ್ ಆಫ್. ಅದರ ಗಾಳಿ ಮೈಕಿಗೆ ಬಡಿಯುವುದಷ್ಟೇ ಅಲ್ಲ, ರೆಕ್ಕೆಗಳಿಂದ ಮರಳುವ ಸದ್ದು ಉದ್ದ ಸ್ವರಗಳಿಗೆ ಇಲ್ಲದ ನಡುಕ ತರುತ್ತದೆ. ಇನ್ವರ್ಟರ್‌ನ ಗುಂಯ್, ಪಕ್ಕದ ಮನೆ ಕುಕ್ಕರ್ ಸೀಟಿ ಲೆಕ್ಕಕ್ಕೆ ಹಿಡಿದು ಹೊತ್ತು ಆರಿಸಿ. ಮಳೆಗಾಲದಲ್ಲಿ ಪಿಯಾನೋದ ಸೌಂಡ್‌ಬೋರ್ಡ್ ತೇವ ಹೀರಿ ಉಬ್ಬುತ್ತದೆ, ಶ್ರುತಿ ಮೇಲಕ್ಕೆ ಸರಿಯುತ್ತದೆ. ಟ್ಯೂನರ್‌ನನ್ನು ರೆಕಾರ್ಡಿಂಗ್‌ಗೆ ಎರಡು ದಿನ ಮುಂಚೆ ಕರೆಸಿ, ತಿಂಗಳು ಮುಂಚೆ ಅಲ್ಲ. ಒಂದು ಭಾಗ ಎಂದರೆ ಒಂದೇ ಟೇಕ್, ಕತ್ತರಿಸಿ ಅಂಟಿಸುವಂತಿಲ್ಲ. ಕ್ಯಾಮೆರಾ ಅಡ್ಡಲಾಗಿ, ಅಲುಗದೆ. ಮುಖ, ಎಡಗೈ, ಬೋ ತುದಿಯಿಂದ ತುದಿಯವರೆಗೆ ಕಾಣಲಿ.

ನಾಲ್ಕು_ತಂತಿ:
ಕರ್ನಾಟಕ ಪದ್ಧತಿಯಿಂದ ಬಂದವರಲ್ಲಿ ಎರಡು ವಿಷಯ ತಕ್ಷಣ ಕಾಣುತ್ತವೆ. ನಮ್ಮಲ್ಲಿ ವಾದ್ಯದ ತಲೆ ಬಲಗಾಲಿನ ಮೇಲೆ ಕೂತಿರುವುದರಿಂದ ಎಡಗೈಗೆ ಹೊರೆಯೇ ಇಲ್ಲ, ಬೆರಳು ತಂತಿಗುಂಟ ಹರಿದಾಡುತ್ತದೆ. ನಿಂತು ನುಡಿಸುವಾಗ ಗದ್ದ, ಭುಜ ಆ ಕೆಲಸ ಮಾಡಬೇಕು. ಮಾಡದಿದ್ದರೆ ಹೆಬ್ಬೆರಳು ವಾದ್ಯದ ಕುತ್ತಿಗೆಯನ್ನು ಅವುಚಿಕೊಳ್ಳುತ್ತದೆ, ಮೂರನೇ ಸ್ಥಾನದಿಂದ (ಸ್ಥಾನ ಎಂದರೆ ತಂತಿಯ ಮೇಲೆ ಎಡಗೈ ನಿಲ್ಲುವ ಜಾಗ) ಇಳಿಯುವಾಗ ಜರ್ಕ್ ಬರುತ್ತದೆ. ಎರಡನೆಯದು ಜಾರು. ಸ್ಥಾನ ಬದಲಿಸುವ ಮುನ್ನ ಬೆರಳ ಒತ್ತಡ ಇಳಿಸಿ, ಬೋ ಕೂಡ ಒಂದು ಕ್ಷಣ ಹಗುರ ಮಾಡಿದರೆ ನಡುವಿನ ಸ್ವರಗಳು ಕೇಳಿಸುವುದಿಲ್ಲ. ಬಾಖ್‌ನಲ್ಲಿ ಪ್ರತಿ ಸ್ವರಕ್ಕೂ ಅನುಸ್ವರ (ಗಮಕದಲ್ಲಿ ಸೇರುವ ಪಕ್ಕದ ಸ್ವರದ ಎಳೆ) ಹತ್ತಿದರೆ ಶ್ರುತಿ ತಪ್ಪಿದಂತೆಯೇ ಲೆಕ್ಕ.

ಒಂದೇ ವಾದ್ಯವನ್ನು ಬೆಳಿಗ್ಗೆ ಕರ್ನಾಟಕ ಪದ್ಧತಿಯ ಸಾ-ಪ-ಸಾ-ಪ ಶ್ರುತಿಗೆ ಇಳಿಸಿ ಸಂಜೆ ಪಾಶ್ಚಾತ್ಯ ಶ್ರುತಿಗೆ (ಎ ಸ್ವರ 440 ಹರ್ಟ್ಜ್) ಏರಿಸುವುದಂತೂ ಬೇಡವೇ ಬೇಡ. ತಂತಿ ನಿಲ್ಲುವುದಿಲ್ಲ, ಕುದುರೆ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ಮುಂದಕ್ಕೆ ಬಾಗುತ್ತದೆ. ಎರಡು ಪಿಟೀಲು ಇಟ್ಟುಕೊಳ್ಳಿ, ಒಂದು ಸಾಧಾರಣದ್ದೇ ಇರಲಿ.

ರಂಗದ_ಹಿಂದೆ:
ನಟನೆಗೆ ಬರುತ್ತೇನೆ. ಬ್ರಿಟಿಷ್ ಉಚ್ಚಾರಣೆ ನಟಿಸಬೇಡಿ, ದಯವಿಟ್ಟು. ಮುಖದ ಸ್ನಾಯುಗಳೆಲ್ಲ ಆ ಕೆಲಸಕ್ಕೇ ಹೋಗಿ ಪಾತ್ರ ಸತ್ತುಹೋಗುತ್ತದೆ. ತಮ್ಮ ದನಿಯಲ್ಲೇ ಮಾತಾಡಲಿ, ಆದರೆ ಮಾತು ಅರ್ಥವಾಗಬೇಕು. ಕನ್ನಡದ ನಾಲಿಗೆಗೆ ತಿದ್ದಿಕೊಳ್ಳಬೇಕಾದ್ದು ಇಷ್ಟೇ: ‘ಎವರಿ’ ಎನ್ನುವುದು ‘ಯೆವರಿ’, ‘ಓನ್ಲಿ’ ಎನ್ನುವುದು ‘ವೋನ್ಲಿ’ ಆಗುವ ಅಭ್ಯಾಸ; ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕೊನೆಯಲ್ಲಿ ಅಂಟುವ ಸಣ್ಣ ‘ಉ’; ಪದದ ಮೊದಲಲ್ಲಿ ಬರುವ ಪ, ಟ, ಕಗಳಿಗೆ ಉಸಿರು ಇಲ್ಲದಿರುವುದು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ, ಆದರೆ ಉಸಿರು ಬಿಡದೆ ‘ಪಿನ್’ ಎಂದರೆ ಅಲ್ಲಿಯ ಕಿವಿಗೆ ‘ಬಿನ್’ ಎಂದೇ ಕೇಳೀತು. ಬಾಯಿ ಮುಂದೆ ತೆಳು ಕಾಗದ ಹಿಡಿದು ಹೇಳಿ, ಕಾಗದ ಅಲುಗಬೇಕು. ಟ, ಡಗಳಿಗೆ ನಾಲಿಗೆ ಹಿಂದಕ್ಕೆ ಮಡಚದೆ, ಮೇಲಿನ ಹಲ್ಲುಗಳ ಹಿಂದಿನ ದಿಂಡಿಗೆ ತಾಗಲಿ.

ಇದಕ್ಕಿಂತ ಕಷ್ಟ ಶೇಕ್ಸ್‌ಪಿಯರ್‌ನ ಪದ್ಯ. ಸಾಲಿಗೆ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ, ಐದು ಒತ್ತು. ಮಾತ್ರೆಯ ಲೆಕ್ಕದಲ್ಲಿ ಬೆಳೆದವರು ಪ್ರತಿ ಅಕ್ಷರಕ್ಕೂ ನ್ಯಾಯ ಒದಗಿಸಲು ಹೋಗಿ ಹತ್ತಕ್ಕೂ ಸಮಾನ ತೂಕ ಕೊಡುತ್ತಾರೆ, ಸಾಲು ಮಗ್ಗಿ ಹೇಳಿದಂತಾಗುತ್ತದೆ. ಒತ್ತಿಲ್ಲದ ಸ್ವರಗಳನ್ನು ನುಂಗಲು ಕಲಿಯಬೇಕು. ಮೊದಲು ಆಡಿಷನ್‌ಗೆ ಆಯ್ದ ಭಾಗವನ್ನು ಕನ್ನಡದಲ್ಲಿ ಸ್ವಂತ ಮಾತಿನಲ್ಲಿ ಹೇಳಿ, ಪಾತ್ರದವನು ಯಾರಿಂದ ಏನು ಬೇಕಾಗಿ ಮಾತಾಡುತ್ತಿದ್ದಾನೆ ಎಂಬುದನ್ನು ಗಟ್ಟಿ ಮಾಡಿಕೊಂಡು, ನಂತರ ಮೂಲಕ್ಕೆ ಹೋಗಲಿ.

ಸೆಲ್ಫ್ ಟೇಪ್ (ತಾವೇ ಚಿತ್ರಿಸಿ ಕಳಿಸುವ ನಟನೆಯ ವಿಡಿಯೊ): ಬರಿಗೋಡೆ, ಕಿಟಕಿಯ ಬೆಳಕು ಮುಖದ ಮೇಲೆ, ಎದೆಯಿಂದ ಮೇಲೆ ಫ್ರೇಮ್. ಹಿನ್ನೆಲೆ ಸಂಗೀತ, ವೇಷ ಬೇಡ. ನೋಟ ಲೆನ್ಸ್‌ಗೆ ತುಸು ಪಕ್ಕ. ಒಂದೊಂದು ಭಾಗ ಎರಡು ನಿಮಿಷದೊಳಗೆ. ಎಷ್ಟು ಭಾಗ, ಯಾವ ಕಾಲದ್ದು ಎಂಬುದನ್ನು ಆ ವರ್ಷದ ಸೂಚನೆಯಲ್ಲೇ ನೋಡಿ. ಬಯಲು ರಂಗದಲ್ಲಿ ಕೊನೆಯ ಸಾಲಿಗೆ ಮುಟ್ಟಿಸುವ ದನಿ ಮೊಬೈಲ್ ಪರದೆಯಲ್ಲಿ ಬೊಬ್ಬೆಯಾಗುತ್ತದೆ. ದನಿ ಇಳಿಸಿದ ಕೂಡಲೇ ಉಸಿರೂ ಸಡಿಲವಾಗುತ್ತದೆ, ಅದು ಆಗಬಾರದು. ಮುಂದಿನ ಸುತ್ತುಗಳಲ್ಲಿ ‘ಇದನ್ನೇ ಬೇರೆ ರೀತಿ ಮಾಡು’ ಎನ್ನುತ್ತಾರೆ. ಕೈ, ಕಣ್ಣು, ನಿಲುಗಡೆ ಎಲ್ಲ ಅಚ್ಚು ಹಾಕಿದಂತೆ ಅಭ್ಯಾಸ ಮಾಡಿದವರು ಅಲ್ಲೇ ಉಳಿದುಬಿಡುತ್ತಾರೆ. ಹೆಗ್ಗೋಡಿನ ನೀನಾಸಂನಲ್ಲೋ ರಾಷ್ಟ್ರೀಯ ನಾಟಕ ಶಾಲೆಯ (ಎನ್‌ಎಸ್‌ಡಿ) ಬೆಂಗಳೂರು ಕೇಂದ್ರದಲ್ಲೋ ಒಂದು ವರ್ಷದ ಕೋರ್ಸ್ ಮಾಡಿದ್ದರೆ ಈ ವಿಷಯದಲ್ಲಿ ಅನುಕೂಲ.

ಜಯನಗರ_ಕೇಳುಗ:
ಎಲ್ಲರಿಗೂ ಧನ್ಯವಾದ. ಸೀಟು ಸಿಕ್ಕರೆ ಇಲ್ಲಿನ ವಯಲಿನ್ ಲಂಡನ್ ಚಳಿ ತಡೆಯುತ್ತದೆಯೇ?

ನಾಲ್ಕು_ತಂತಿ:
ಚಳಿಗಿಂತ ಹೀಟರ್ ಕೆಟ್ಟದ್ದು. ಕೋಣೆಯ ತೇವಾಂಶ ಶೇಕಡಾ 40ರ ಕೆಳಗೆ ಇಳಿದರೆ ತಂತಿ ಬಿಗಿಯುವ ಬಿರಡೆಗಳು ಜಾರುತ್ತವೆ, ಅಂಚಿನ ಅಂಟು ಬಿಡುತ್ತದೆ. ಆ ಅಂಟನ್ನು ಬೇಕೆಂದೇ ದುರ್ಬಲವಾಗಿ ಹಾಕಿರುತ್ತಾರೆ, ಮರ ಸೀಳುವ ಬದಲು ಅದು ಬಿಡಲಿ ಎಂದು. ಗಾಬರಿ ಬೇಡ, ಲೂಥಿಯರ್ (ತಂತಿವಾದ್ಯ ತಯಾರಿಸಿ ರಿಪೇರಿ ಮಾಡುವವರು) ಹತ್ತಿರ ಮತ್ತೆ ಅಂಟಿಸಿಕೊಳ್ಳಿ, ಫೆವಿಕಾಲ್ ಮಾತ್ರ ಹಚ್ಚಬೇಡಿ. ಪೆಟ್ಟಿಗೆಯಲ್ಲಿ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್, ತೇವ ಕೊಡುವ ಕೊಳವೆ ಇಟ್ಟು 40ರಿಂದ 60ರ ನಡುವೆ ಉಳಿಸಿಕೊಂಡರೆ ಸಾಕು.