ಅಪ್‌ಡೇಟ್: ಲೂಪ್ ಡಯಾಗ್ರಾಂನಲ್ಲಿ ವೈರಿಂಗ್ ವಿವರ ಎಷ್ಟಿರಬೇಕು?

ಲೂಪ್ ಡಯಾಗ್ರಾಂನಲ್ಲಿ (ಕಾರ್ಖಾನೆಯ ಒಂದು ಅಳತೆ ಅಥವಾ ನಿಯಂತ್ರಣ ಸರಪಳಿಯ ಸಂಪರ್ಕಗಳನ್ನು ತೋರಿಸುವ ನಕ್ಷೆ) ಪ್ರತಿ ತಂತಿಯನ್ನೂ ತೋರಿಸಬೇಕೇ, ಸಿಗ್ನಲ್ ಹಾದಿಯಷ್ಟೇ ಸಾಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಅಳತೆಯನ್ನು ಸಿಗ್ನಲ್ ಆಗಿ ಕಳಿಸುವ ಟ್ರಾನ್ಸ್‌ಮಿಟರ್‌ನಿಂದ ಜಂಕ್ಷನ್ ಬಾಕ್ಸ್, ಮಾರ್ಷಲಿಂಗ್ ಕ್ಯಾಬಿನೆಟ್ (ಹೊರಗಿನ ಕೇಬಲ್‌ಗಳನ್ನು ವಿಂಗಡಿಸಿ ಜೋಡಿಸುವ ಪೆಟ್ಟಿಗೆ) ದಾಟಿ ನಿಯಂತ್ರಣ ವ್ಯವಸ್ಥೆಯ ಇನ್‌ಪುಟ್ ಕಾರ್ಡ್‌ವರೆಗೆ ಪ್ರತಿ ಟರ್ಮಿನಲ್ ಸಂಖ್ಯೆ, ಕೇಬಲ್ ಮತ್ತು ಅದರೊಳಗಿನ ತಂತಿ ಜೋಡಿಯ ಗುರುತು ಬರೆಯಲು ನಿರ್ಧರಿಸಿದೆವು. ಲೂಪ್ ಡಯಾಗ್ರಾಂಗಳ ಕುರಿತ ಐಎಸ್‌ಎ (ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆಟೊಮೇಷನ್) 5.4 ಮಾನದಂಡವೂ ಇವನ್ನು ಕನಿಷ್ಠ ಮಾಹಿತಿಯಲ್ಲೇ ಸೇರಿಸುತ್ತದೆ.

ಶೀಲ್ಡ್ (ನಾಯ್ಸ್ ತಡೆಯಲು ಕೇಬಲ್‌ನಲ್ಲಿ ತಂತಿಗಳ ಸುತ್ತ ಇರುವ ಲೋಹದ ಹೊದಿಕೆ) ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಅದನ್ನು ಎಲ್ಲಿ ಗ್ರೌಂಡ್ ಮಾಡಲಾಗಿದೆ, ಫೀಲ್ಡ್ ತುದಿಯಲ್ಲಿ, ಅಂದರೆ ಟ್ರಾನ್ಸ್‌ಮಿಟರ್ ಕಡೆ, ಕತ್ತರಿಸಿ ಟೇಪ್ ಸುತ್ತಿದೆಯೇ ಎಂಬುದು ಹಾಳೆಯಲ್ಲಿ ಕಾಣಲೇಬೇಕು. ಎರಡೂ ತುದಿ ಗ್ರೌಂಡ್ ಆದರೆ ಅಳತೆಯನ್ನು ಒಯ್ಯುವ 4–20 ಮಿಲಿಆಂಪಿಯರ್ ಸಿಗ್ನಲ್‌ಗೆ ನಾಯ್ಸ್ (ಅನಗತ್ಯ ವಿದ್ಯುತ್ ಏರಿಳಿತ) ಸೇರಬಹುದು. ರಾತ್ರಿ ಪಾಳಿಯ ತಂತ್ರಜ್ಞರು ಅದರ ಮೂಲ ಹುಡುಕುತ್ತ ಒದ್ದಾಡಬಾರದು. ಕ್ಯಾಬಿನೆಟ್ ಒಳಗಿನ ವಿದ್ಯುತ್ ಹಂಚಿಕೆಯಲ್ಲಿ ಫ್ಯೂಸ್ ಸಂಖ್ಯೆ ಉಳಿಸಿಕೊಂಡು, ಮಿಕ್ಕಿದ್ದಕ್ಕೆ ಪ್ಯಾನೆಲ್ ನಕ್ಷೆಯ ಸಂಖ್ಯೆ ಕೊಟ್ಟಿದ್ದೇವೆ. ಕ್ಯಾಲಿಬ್ರೇಷನ್ ರೇಂಜ್ (ಉಪಕರಣವನ್ನು ಹೊಂದಿಸಿದ ಅಳತೆಯ ವ್ಯಾಪ್ತಿ) ಸೇರಿಸುವ ಬಗ್ಗೆ ಇನ್ನೂ ಚರ್ಚೆ ನಡೆದಿದೆ.