ಹೊಳ್ಳಿಸಿದಾಗ ಗುಂಯ್ ಅನ್ನೂ ಹಳೇ ಪಿಕಪ್: ಬೇರಿಂಗೋ, ಟೈರೋ, ಡಿಫ್ರೆನ್ಶಿಯಲ್ಲೋ?

ಜಮಖಂಡಿ_ಪಿಕಪ್ ಕೇಳ್ಯಾರ:

ನಮಸ್ಕಾರ್ರಿ. 2011ರ ಡೀಸೆಲ್ ಪಿಕಪ್, ಹಿಂದಿನ ಗಾಲಿ ಡ್ರೈವ್, ಮುಂದ ಪಾಟಾ ಸ್ಪ್ರಿಂಗು, ಡಿಸ್ಕ್ ಬ್ರೇಕು. ಪವರ್ ಸ್ಟೇರಿಂಗ್ ಐತಿ. ಬೆಲ್ಲ ಹೇರ್ಕೊಂಡು ಮಹಾಲಿಂಗಪುರ ಪ್ಯಾಟಿಗೆ ಓಡೂ ಗಾಡಿ. ಸ್ಪೀಡ್ 40 ದಾಟಿದ್ರ ಗುಂಯ್ ಅಂತ ಸಪ್ಪಳ ಶುರು ಆಗ್ತೈತಿ. ನೆಟ್ಟಗ ಹೋಗುವಾಗ ಸಣ್ಣಗ, ಬಲಕ್ಕ ಹೊಳ್ಳಿಸಿದ್ರ ಜೋರ, ಎಡಕ್ಕ ಹೊಳ್ಳಿಸಿದ್ರ ಹೆಚ್ಚೂಕಮ್ಮಿ ಬಂದ್. ಕ್ಲಚ್ ಒತ್ತಿದ್ರೂ ಕಡಿಮಿ ಆಗೂದಿಲ್ಲ. ನಿಂತಲ್ಲೇ ಸ್ಟೇರಿಂಗ್ ತಿರುವಿದ್ರ ಏನೂ ಸಪ್ಪಳ ಇಲ್ಲ. ಹಿಂದ ಎರಡೂ ರಿಮೋಲ್ಡ್ ಟೈರ್ (ಸವದ ಟೈರಿಗೆ ಹೊಸ ರಬ್ಬರ್ ಹಚ್ಚಿದ್ದು), ಮುಂದ ಕಂಪನಿ ಟೈರ್.

ಒಬ್ಬ ಮಿಸ್ತ್ರಿ ಟೈರ್ ಅಂತಾರ, ಇನ್ನೊಬ್ರು ಡಿಫ್ರೆನ್ಶಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಇಳಸೂಣು ಅಂತಾರ. ಬಲಕ್ಕ ಹೊಳ್ಳಿದಾಗ ಬರ್ತೈತಿ ಅಂದ್ರ ಬಲಗಾಲಿ ಬೇರಿಂಗ್ ಅಲ್ಲೇನ್ರಿ? ರೊಕ್ಕ ಹಾಕೂ ಮೊದಲ ಖಾತ್ರಿ ಮಾಡ್ಕೊಳ್ಳೂದು ಹ್ಯಾಂಗ?

ಉದ್ಯಮಬಾಗ_ಲೇಥ್, ಬೆಳಗಾವಿ:

ಬಲಗಾಲಿ ಅಲ್ರಿ, ಮೊದಲ ಎಡಗಾಲಿ ನೋಡ್ರಿ. ಗಾಡಿ ಬಲಕ್ಕ ಹೊಳ್ಳಿದಾಗ ಭಾರ ಎಡಕ್ಕ ವಾಲ್ತೈತಿ. ಸವದ ಬೇರಿಂಗ್ ಭಾರ ಬಿದ್ರ ಒದರ್ತೈತಿ, ಭಾರ ಇಳದ್ರ ಸುಮ್ನಾಗ್ತೈತಿ. ನೀವು ಹೇಳಿದ ಲಕ್ಷಣ ಇದಕ್ಕ ಸರಿಯಾಗಿ ಕೂಡ್ತೈತಿ. ಆದ್ರ ಇದು ಬರೇ ಸುಳಿವು. ಹಿಂದಿನ ಎಡಗಾಲಿ ಆಕ್ಸಲ್ ಬೇರಿಂಗ್ ಮ್ಯಾಲೂ ಅದ ಭಾರ ಬೀಳ್ತೈತಿ, ಸಪ್ಪಳ ಚಾಸಿ ಹಿಡದು ಮುಂದ ಬಂದು ಕಾಲಬುಡಕ್ಕ ಕೇಳಸ್ತೈತಿ. ಭಾಳ ಸಡ್ಲಾದ ಬೇರಿಂಗ್ ಒಮ್ಮೊಮ್ಮೆ ಭಾರ ಇಳದಾಗೂ ಒದರ್ತೈತಿ. ಅದಕ್ಕ ಜಾಕ್ ಹಚ್ಚಿ ನೋಡದ ಯಾವ ಬೇರಿಂಗೂ ತರಬ್ಯಾಡ್ರಿ.

ನೋಡೂ ರೀತಿ ಹಿಂಗ: ಗಾಡಿ ಸಪಾಟ ಜಾಗಾದಾಗ ನಿಲ್ಲಿಸಿ, ಹಿಂದಿನ ಎರಡೂ ಗಾಲಿಗೆ ಹಿಂದ-ಮುಂದ ಕಲ್ಲ ಕೊಡ್ರಿ. ಮುಂದಿನ ಆಕ್ಸಲ್ ತಳಗ ಜಾಕ್ ಹಚ್ಚಿ ಎತ್ತಿ ಸ್ಟ್ಯಾಂಡ್ ಇಡ್ರಿ, ಬರೇ ಜಾಕ್ ನಂಬಿ ಕೈ ಹಾಕಬ್ಯಾಡ್ರಿ. ಗಾಲಿ ಮ್ಯಾಲೊಂದು ಕೈ, ತಳಗೊಂದು ಕೈ, ಅಂದ್ರ ಗಡಿಯಾರದ 12 ಮತ್ತ 6ರ ಜಾಗಾ ಹಿಡದು ಹಿಂದ-ಮುಂದ ಅಲ್ಲಾಡಸ್ರಿ. ಟಕ್ ಅಂತ ಆಟ (ಸಡ್ಲ ಅಲ್ಲಾಟ) ಸಿಕ್ರ, ಒಬ್ಬರನ್ನ ಒಳಗ ಕೂಡಿಸಿ ಬ್ರೇಕ್ ಒತ್ತಸ್ರಿ. ಬ್ರೇಕ್ ಒತ್ತಿದಾಗ ಆಟ ನಿಂತ್ರ ಬೇರಿಂಗ್. ಒತ್ತಿದ್ರೂ ಆಟ ಹಂಗ ಇದ್ರ ಗಾಲಿ ಹೊಳ್ಳೂ ಕೀಲು, ಅಂದ್ರ ಕಿಂಗ್ ಪಿನ್ ಇಲ್ಲಾ ಬಾಲ್ ಜಾಯಿಂಟ್, ನಿಮ್ಮ ಗಾಡಿಗೆ ಯಾವುದೈತೋ ಅದು. 9 ಮತ್ತ 3ರ ಜಾಗಾದಾಗ ಮಾತ್ರ ಆಟ ಇದ್ರ ಟೈ ರಾಡ್ ಎಂಡ್ (ಸ್ಟೇರಿಂಗ್ ಸಳಿ ತುದಿಯ ಕೀಲು) ನೋಡ್ರಿ.

ಆಟ ಇಲ್ಲದಿದ್ರೂ ಬೇರಿಂಗ್ ಹೋಗಿರಬಹುದು. ಗಾಲಿ ಜೋರಾಗಿ ತಿರುವಿ, ಇನ್ನೊಂದು ಕೈ ಪಾಟಾದ ಮ್ಯಾಲೆ ಇಟ್ಟು ನೋಡ್ರಿ. ಕಿವಿಗೆ ಕೇಳಸದ ಗರಗರ ಕೈಗೆ ಗೊತ್ತಾಗ್ತೈತಿ. ಎರಡೂ ಕಡೆ ಹೋಲಿಸ್ರಿ. ಡಿಸ್ಕ್‌ಗೆ ಪ್ಯಾಡ್ ತಾಗಿ ಬರೂ ಸರ್ ಸರ್ ಬ್ಯಾರೆ, ಅದನ್ನ ಬೇರಿಂಗ್ ಅಂತ ತಿಳೀಬ್ಯಾಡ್ರಿ.

ಗುಮ್ಮಟನಗರಿ_ಡೀಸೆಲ್, ವಿಜಯಪುರ:

ಮೇಲಿನವರು ಹೇಳಿದ್ದು ಸರಿ. ಉಳಿದ ಮೂರು ಅನುಮಾನಗಳನ್ನೂ ಒಂದೊಂದಾಗಿ ತೆಗೆದುಹಾಕಿಬಿಡಿ.

ಪವರ್ ಸ್ಟೇರಿಂಗ್ ಪಂಪ್ ಆಗಿದ್ದರೆ ಗಾಡಿ ನಿಂತಾಗಲೂ ಸ್ಟೇರಿಂಗ್ ತಿರುಗಿಸಿದರೆ ಕೂಗುತ್ತದೆ, ಎಕ್ಸಲೇಟರ್ ಕೊಟ್ಟರೆ ದನಿ ಏರುತ್ತದೆ. ಆಯಿಲ್ ಕಡಿಮೆ ಇದ್ದಾಗ, ಆಯಿಲ್‌ನಲ್ಲಿ ಗಾಳಿ ಸೇರಿ ನೊರೆ ಬಂದಾಗ, ಬೆಲ್ಟ್ ಸಡಿಲಾದಾಗ ಹೀಗಾಗುತ್ತದೆ. ನಿಮ್ಮದು ನಿಂತಲ್ಲಿ ಸದ್ದಿಲ್ಲ ಅಂದಿದ್ದೀರಿ, ಹಾಗಾಗಿ ಇದನ್ನು ಬಿಡಿ. ಅಂದಹಾಗೆ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ 5 ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ. ಅಲ್ಲಿ ಬರುವ ಸದ್ದು ರಿಲೀಫ್ ವಾಲ್ವ್‌ನದು, ದೋಷವಲ್ಲ, ಆದರೆ ಹಿಡಿದೇ ಇದ್ದರೆ ಪಂಪ್ ಬಿಸಿಯಾಗುತ್ತದೆ.

ಡಿಫ್ರೆನ್ಶಿಯಲ್ ಇಳಿಸುವ ಮಾತು ಅವಸರದ್ದು. ಅದರೊಳಗಿನ ಮುಖ್ಯ ಗೇರ್ ಜೋಡಿ (ಕ್ರೌನ್-ಪಿನಿಯನ್) ಅಥವಾ ಪಿನಿಯನ್ ಬೇರಿಂಗ್ ಸದ್ದು ಎಕ್ಸಲೇಟರ್ ಕೊಟ್ಟಾಗ ಒಂದು ಥರ, ಕಾಲು ತೆಗೆದಾಗ ಇನ್ನೊಂದು ಥರ ಇರುತ್ತದೆ. ಒಳಗಿನ ಸ್ಪೈಡರ್ ಗೇರ್‌ಗಳಿಗೆ ಕೆಲಸ ಬೀಳುವುದೇ ತಿರುವಿನಲ್ಲಿ, ಎರಡು ಗಾಲಿಗಳ ವೇಗ ಬೇರೆಯಾದಾಗ. ಅವು ಸವೆದಿದ್ದರೆ ಎಡಕ್ಕೂ ಬಲಕ್ಕೂ ಕೂಗಬೇಕು, ನಿಧಾನಕ್ಕೆ ಯೂ-ಟರ್ನ್ ಹೊಡೆದಾಗ ಇನ್ನೂ ಸ್ಪಷ್ಟ. ಒಂದೇ ಕಡೆ ಕೂಗುವ ಸದ್ದಿಗೆ ಮೊದಲು ಡಿಫ್ರೆನ್ಶಿಯಲ್ ಬಿಚ್ಚುವವರಿಂದ ದೂರ ಇರುವುದು ಒಳ್ಳೆಯದು. ಬೇಕಿದ್ದರೆ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ: ಆಯಿಲ್ ತೂತಿನ ಕೆಳ ಅಂಚಿನವರೆಗೆ ಇರಬೇಕು. ಡ್ರೇನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಲೋಹದ ಚೂರು ಇದ್ದರೆ ಮಾತ್ರ ಮುಂದಿನ ಯೋಚನೆ.

ಇನ್ನು ಟೈರ್. ರಿಮೋಲ್ಡ್ ಟೈರ್ ಗುಂಯ್ಗುಡುವುದು ಹೌದು, ಆದರೆ ಆ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ. ನುಣುಪು ಡಾಂಬರಿನಿಂದ ಕಾಂಕ್ರೀಟಿಗೆ ಬಂದರೆ ದನಿಯೇ ಬೇರೆ. ಬೇರಿಂಗ್ ಸದ್ದಿಗೆ ರಸ್ತೆಯ ಹಂಗಿಲ್ಲ, ಸ್ಪೀಡ್ ಒಂದೇ ಲೆಕ್ಕ. ಮುಂದಿನ ಟೈರ್ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ಅಲೈನ್‌ಮೆಂಟ್ (ಮುಂದಿನ ಗಾಲಿಗಳು ನೇರಕ್ಕೆ ನಿಲ್ಲುವ ಹೊಂದಿಕೆ) ತಪ್ಪಿದೆ. ಪರೀಕ್ಷೆಗೆಂದು ಹಿಂದಿನ ರಿಮೋಲ್ಡ್‌ಗಳನ್ನು ಮುಂದಕ್ಕೆ ಹಾಕಲು ಹೋಗಬೇಡಿ. ಸ್ಟೇರಿಂಗ್ ಗಾಲಿಗೆ ಅದು ಸಲ್ಲದು.

ಜಮಖಂಡಿ_ಪಿಕಪ್:

ಜಾಕ್ ಹಚ್ಚಿ ನೋಡಿದ್ವಿರಿ. ಎಡಗಾಲಿ 12-6ರಾಗ ಟಕ್ ಅಂತೈತಿ, ಬ್ರೇಕ್ ಒತ್ತಿದ್ರ ಬಂದ್. ಪಾಟಾ ಮ್ಯಾಲೆ ಕೈ ಇಟ್ರ ಗರಗರ ಗೊತ್ತಾಗ್ತೈತಿ, ಬಲಗಾಲಿ ಸ್ವಚ್ಛ ತಿರಗ್ತೈತಿ. ಡಸ್ಟ್ ಕ್ಯಾಪ್ ತಗದ್ರ ಗ್ರೀಸ್ ಹಾಲ ಹೆಚ್ಚಾದ ಚಹಾದ ಬಣ್ಣ ಆಗೈತಿ. ನಟ್ ಒಂದು ಸುತ್ತ ಟೈಟ ಮಾಡಿದ್ರ ಸಪ್ಪಳ ಹೋಗ್ತೈತಿ ಅಂತಾರ ಇಲ್ಲಿ. ಮಾಡ್ಲ್ಯಾ?

ಉದ್ಯಮಬಾಗ_ಲೇಥ್, ಬೆಳಗಾವಿ:

ಬ್ಯಾಡ್ರಿ. ಗ್ರೀಸ್‌ದ ಆ ಬಣ್ಣ ಅಂದ್ರ ನೀರ ಹೊಕ್ಕೈತಿ. ಹೊಲದ ರಾಡ್ಯಾಗ ಗಾಲಿ ಮುಳಗೂದು, ಸರ್ವಿಸಿಂಗ್‌ನಾಗ ಪ್ರೆಶರ್ ನೀರ ನೇರ ಹಬ್ (ಬೇರಿಂಗ್ ಕೂಡೂ ಗಾಲಿ ನಡುವಿನ ಭಾಗ) ಹಿಂದ ಹೊಡಿಯೂದು, ಆಯಿಲ್ ಸೀಲ್ ಒಣಗೂದು, ಇವ ಕಾರಣ. ರೋಲರ್ ಓಡೂ ದಾರಿ ಕಿತ್ತ ಮ್ಯಾಲೆ ಟೈಟ ಮಾಡಿದ್ರ ಎರಡು ದಿನ ಸುಮ್ನಿರ್ತೈತಿ, ಆಮ್ಯಾಲೆ ಬೇರಿಂಗ್ ಕಾದು ಸ್ಟಬ್ ಆಕ್ಸಲ್‌ಗೇ (ಬೇರಿಂಗ್ ಕೂಡೂ ಆಕ್ಸಲ್ ತುದಿಗೇ) ಕಚ್ಚಿಕೊಳ್ತೈತಿ. ಆಗ ಹೋಗೂದು ಬೇರಿಂಗ್ ಅಲ್ಲ, ಆಕ್ಸಲ್.

ಒಳಗಿಂದು, ಹೊರಗಿಂದು ಎರಡೂ ಟೇಪರ್ ಬೇರಿಂಗ್, ಕಪ್ (ಹಬ್‌ನಾಗ ಕೂಡೂ ಹೊರಬಳಿ) ಸಮೇತ, ಜೊತಿಗೆ ಹೊಸ ಆಯಿಲ್ ಸೀಲು, ಹೊಸ ಸ್ಪ್ಲಿಟ್ ಪಿನ್ನು ತರ್ರಿ. ಹಳೇ ಕಪ್ಪಿನಾಗ ಹೊಸ ಕೋನ್ (ರೋಲರ್ ಇರೂ ಒಳಬಳಿ) ಕೂಡಸೂದು ಬ್ಯಾಡ. ಕೋನ್, ಕಪ್ ಎರಡರ ಮ್ಯಾಲೂ ನಂಬರ್ ಕೆತ್ತಿರ್ತೈತಿ, ಅದನ್ನ ಬರಕೊಂಡು ಹೋಗಿ ಬಿಲ್ ಕೊಡೂ ಅಂಗಡ್ಯಾಗ ತಗೋರಿ. ಡುಪ್ಲಿಕೇಟ್ ಭಾಳ ಓಡ್ಯಾಡ್ತಾವ.

ಕ್ಯಾಲಿಪರ್ ಬಿಚ್ಚಿದ ಮ್ಯಾಲೆ ತಂತಿಲೆ ಪಾಟಾಕ್ಕ ಕಟ್ರಿ, ಬ್ರೇಕ್ ಪೈಪಿಗೆ ಜೋತಬಿಡಬ್ಯಾಡ್ರಿ. ಹಬ್ ಹೊರಗ ತಗದು ಡೀಸೆಲ್ ಇಲ್ಲಾ ಚಿಮಣಿ ಎಣ್ಣ್ಯಾಗ ತೊಳದು ಒಣಗಸ್ರಿ. ಹಳೇ ಕಪ್ ಹೊಡಿಯೂವಾಗ ಹಿತ್ತಾಳಿ ಪಂಚ್ ಹಿಡದು ಎದರಾಬದರ ಜಾಗಾಕ್ಕ ಒಂದೊಂದ ಏಟ ಕೊಡ್ರಿ. ಒಂದ ಕಡೆ ಹೊಡದ್ರ ಅಡ್ಡಾಗಿ ಸಿಕ್ಕೊಂಡು ಹಬ್ಬಿನ ಬೋರ್ ಗೀರ್ತೈತಿ. ಹೊಸ ಕಪ್ ಕೂಡಸಾಕ ಹಳೇ ಕಪ್ಪಿನ ಹೊರಮೈ ಸ್ವಲ್ಪ ಗ್ರೈಂಡ್ ಮಾಡಿ ಅದನ್ನ ಡ್ರೈವರ್ ಹಂಗ ಬಳಸ್ರಿ. ತಳಕ್ಕ ಕೂತ ಕೂಡ್ಲೇ ಏಟಿನ ದನಿ ಬದಲಾಗಿ ಗಟ್ಟಿ ಕೇಳಸ್ತೈತಿ.

ಹೊಸ ಕಪ್ ಕೈಲೇ ತಿರಗಿದ್ರ ಹಬ್ಬಿನ ಬೋರ್ ಸವದೈತಿ ಅಂತ ಅರ್ಥ. ಆಗ ಪಂಚ್ ಚುಕ್ಕಿ ಹೊಡಿಯೂದು, ತಗಡ ಸುತ್ತೂದು ಮಾಡಬ್ಯಾಡ್ರಿ. ಹೊಸ ಹಬ್ ಹಾಕ್ರಿ, ಸಿಗದಿದ್ರ ಲೇಥ್‌ನಾಗ ಬೋರ್ ಮಾಡಿಸಿ ಸ್ಲೀವ್ ಕೂಡಸ್ರಿ. ಸ್ಟಬ್ ಆಕ್ಸಲ್‌ನ ಮ್ಯಾಲೆ ಸೀಲ್ ತುಟಿ ಓಡೂ ಜಾಗಾನೂ ಉಗುರ್ಲೆ ಕೆರದು ನೋಡ್ರಿ. ಅಲ್ಲಿ ಗುಂಡಿ ಬಿದ್ದಿದ್ರ ಎಷ್ಟ ಹೊಸ ಸೀಲ್ ಹಾಕಿದ್ರೂ ನೀರ ಬರೂದ.

ಟೈಟ ಮಾಡೂ ಕ್ರಮ: ಹಬ್ ತಿರುವಿಕೋತ ನಟ್ ಟೈಟ ಮಾಡ್ರಿ, ತಿರಗೂದು ಭಾರ ಆಗೂ ತನಕ. ಅಲ್ಲಿಂದ ಕಾಲ ಸುತ್ತ ಸಡ್ಲ ಬಿಡ್ರಿ. ಮತ್ತ ಬರೇ ಬೆರಳಿಂದ ಎಷ್ಟು ಬರ್ತೈತೋ ಅಷ್ಟ. ಪಿನ್ ತೂತ ಕೂಡಲಿಲ್ಲಂದ್ರ ಸಡ್ಲಿನ ಕಡೆ ಸರಸ್ರಿ, ಬಿಗಿ ಕಡೆ ಅಲ್ಲ. ಡಯಲ್ ಗೇಜ್ ಇದ್ರ ಆಟ 0.03ರಿಂದ 0.13 ಮಿ.ಮೀ. ಒಳಗ ಇರ್ಲಿ. ನಿಮ್ಮ ಗಾಡಿ ಮ್ಯಾನುವಲ್‌ನಾಗ ಬ್ಯಾರೆ ಅಳತಿ ಇದ್ರ ಅದ ಕಡೇ ಮಾತು.

ಹೊಲ_ಗಾಡಿ, ಮುಧೋಳ:

ಗ್ರೀಸ್ ಬಗ್ಗೆ ಯಾರೂ ಹೇಳಲಿಲ್ಲ. ಎಪಿ-3 ಲಿಥಿಯಂ ಗ್ರೀಸ್ ಸಾಕು. ಚಾಸಿ ನಿಪ್ಪಲ್‌ಗೆ ಹೊಡೆಯುವ ಅಗ್ಗದ ಗ್ರೀಸ್ ಹಾಕಬೇಡಿ, ಅದು ಬ್ರೇಕಿನ ಬಿಸಿಗೆ ಕರಗಿ ಹರಿಯುತ್ತದೆ. ಹಳೆಯದನ್ನು ಪೂರ್ತಿ ತೊಳೆದೇ ಹೊಸದು ತುಂಬಿ, ಎರಡು ಜಾತಿಯ ಗ್ರೀಸ್ ಬೆರೆತರೆ ನೀರಾಗಬಹುದು. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ದಪ್ಪ ಬಾಯನ್ನು ಒತ್ತುತ್ತಾ ಹೋಗಿ, ಆಚೆ ಕಡೆಯ ರೋಲರ್ ಸಂದಿಯಿಂದ ಹೊರಬರಬೇಕು. ಹಬ್ಬಿನ ಒಳಗೆ ಮೂರನೇ ಒಂದು ಭಾಗ ಸಾಕು. ತುಂಬಿ ತುಳುಕಿಸಿದರೆ ಕಾದು ಸೀಲ್ ದಾಟಿ ಡಿಸ್ಕಿಗೆ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಸೀಲಿನ ಸ್ಪ್ರಿಂಗ್ ಇರುವ ಬಾಯಿ ಗ್ರೀಸಿನ ಕಡೆಗೆ.

ಜಮಖಂಡಿ_ಪಿಕಪ್:

ಸರ, ಬಲಗಡೆ ಬೇರಿಂಗೂ ಜೋಡಿ ಬದಲಿ ಮಾಡಬೇಕೇನ್ರಿ?

ಗುಮ್ಮಟನಗರಿ_ಡೀಸೆಲ್, ವಿಜಯಪುರ:

ಬೇಕಿಲ್ಲ. ಬಿಚ್ಚಿ, ತೊಳೆದು, ರೋಲರ್ ಮತ್ತು ಕಪ್ಪನ್ನು ಬಿಸಿಲಿಗೆ ಹಿಡಿದು ನೋಡಿ. ಗುಂಡಿ, ನೀಲಿ ಕಲೆ, ಪದರ ಎದ್ದಿರುವುದು ಯಾವುದೂ ಇಲ್ಲದಿದ್ದರೆ ಅದೇ ಬೇರಿಂಗ್‌ಗೆ ಹೊಸ ಗ್ರೀಸ್, ಹೊಸ ಸೀಲ್ ಹಾಕಿ ಮುಚ್ಚಿ. ಕೋನ್-ಕಪ್ ಜೋಡಿ ಅದಲುಬದಲು ಆಗದಂತೆ ನೋಡಿಕೊಳ್ಳಿ. ಜೋಡಿಸಿದ ಮೇಲೆ ಖಾಲಿ ಗಾಡಿಯಲ್ಲಿ 10 ಕಿ.ಮೀ. ಹೋಗಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಹಬ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿರುವುದು ಸಹಜ. ಎಡಗಡೆಯದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ ಬಿಗಿಯಾಗಿದೆ ಅಥವಾ ಕ್ಯಾಲಿಪರ್ ಹಿಡಿದುಕೊಂಡಿದೆ. ಎರಡೂ ಸಮ ಇದ್ದರೆ ಲೋಡ್ ಹಾಕಬಹುದು. 100 ಕಿ.ಮೀ. ಒಳಗೆ ಒಮ್ಮೆ ಗಾಲಿ ನಟ್‌ಗಳನ್ನು ಟೈಟ್ ಮಾಡಿಸಿ, 12-6 ಆಟವನ್ನೂ ಇನ್ನೊಮ್ಮೆ ನೋಡಿಬಿಡಿ.